ಕೆಂಪು ಬಲ, ಬಿಳಿ ಎಡ

ಬಚ್ಚಲುಮನೆಯ ಬಾಗಿಲು ಹಾಕಿಕೊಂಡ ಸದ್ದಾದ ಮೇಲೂ ಸುಮಾ ನಡುಮನೆಯಲ್ಲಿ ಧೂಳೊರೆಸುವ ಬಟ್ಟೆ ಹಿಡಿದು ಸುಮ್ಮನೆ ನಿಂತಿದ್ದಳು. ನೀರು ಬೀಳುವ ಶಬ್ದ ಶುರುವಾಗಲಿ, ಆಮೇಲೆ. ಶುರುವಾಯಿತು. ಒಳಗಿನಿಂದ ಗಂಡ ಏನೋ ಗುನುಗುವುದೂ ಕೇಳಿತು. ಇನ್ನು ತಡಮಾಡಿದರೆ ಧೈರ್ಯ ಉಳಿಯುವುದಿಲ್ಲವೆಂದು ಅವಳು ಸ್ಟ್ಯಾಂಡಿನ ಮೇಲೆ ಬಾಗಿ, ಹಾಡಿನ ಯಂತ್ರದ ಪ್ರೀ-ಆಂಪ್ಲಿಫೈಯರ್ ಪೆಟ್ಟಿಗೆಯ ಹಿಂದಕ್ಕೆ ಕೈ ತೂರಿಸಿದಳು. ಪೆಟ್ಟಿಗೆಗೂ ಗೋಡೆಗೂ ನಡುವೆ ಒಂದು ಅಂಗೈಯಷ್ಟು ಜಾಗ, ಕತ್ತಲು. ವೈರುಗಳು ಕೈಗೆ ತಾಗಿ ಮೈ ಜುಮ್ಮೆಂದಿತು. ಸ್ವಿಚ್ ಆರಿಸಿದೆ ಎಂದು ಮತ್ತೊಮ್ಮೆ ಕಣ್ಣಿನಲ್ಲೇ ಖಾತ್ರಿ ಮಾಡಿಕೊಂಡಳು. ತುದಿಯಲ್ಲಿ ಒಂದು ಜೋಡಿ ಇದೆ, ರೆಕಾರ್ಡ್ ಪ್ಲೇಯರಿನಿಂದ ಬರುವುದು ಅದೇ, ಅಷ್ಟು ಅವಳಿಗೆ ಗೊತ್ತು. ತಂತಿ ಹಿಡಿದು ಮೇಲಿನಿಂದ ಸವರುತ್ತ ಬಂದರೆ ತಪ್ಪುವುದಿಲ್ಲ. ಜೋಡಿಯಲ್ಲಿ ತನ್ನ ಬಲಗೈ ಕಡೆ ಸಿಕ್ಕಿದ್ದನ್ನು ಹಿಡಿದು, ಸೂಜಿ ಚುಚ್ಚಿಸಿಕೊಳ್ಳುವಾಗ ಮಾಡುವ ಹಾಗೆ ಕಣ್ಣು ಮುಚ್ಚಿ ಎಳೆದಳು. ಅದು ಟಕ್ಕೆಂದು ಕಿತ್ತು ಬಂತು. ಇಷ್ಟು ಸುಲಭವಾಗಿ ಬರುತ್ತದೆಂದು ಅವಳು ಎಣಿಸಿರಲಿಲ್ಲ.

ಆ ಮನೆಯಲ್ಲೊಂದು ಕಟ್ಟಳೆ ಇತ್ತು. ಯಂತ್ರದ ಮುಂಭಾಗ ಅವಳದು, ಹಿಂಭಾಗ ಅವನದು. ಮುಂದೆ ಒರೆಸಬಹುದು, ಹಬ್ಬಕ್ಕೆ ಕುಂಕುಮವನ್ನೂ ಇಡಬಹುದು, ಹಿಂದಕ್ಕೆ ಕೈ ಹಾಕಬಾರದು. ಮದುವೆಯಾದ ಹೊಸತರಲ್ಲಿ ವೇಣುಗೋಪಾಲ್ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಹೇಳಿಕೊಟ್ಟಿದ್ದ. ರೇಡಿಯೋದ ವೈರು, ಕ್ಯಾಸೆಟ್ಟಿನ ವೈರು ಎಲ್ಲ ಬಂದು ಸೇರುವುದು ಈ ಪೆಟ್ಟಿಗೆಗೆ. ಆದರೆ ರೆಕಾರ್ಡಿನ ಮೇಲೆ ಓಡುವ ಸೂಜಿ ಇದೆಯಲ್ಲ, ಅದನ್ನು ಹಿಡಿದಿರುವ ಕಾರ್ಟ್ರಿಜ್ ಇದೆಯಲ್ಲ, ಅದರ ದನಿ ಬಹಳ ಸಣ್ಣದು. ಅದಕ್ಕೇ ಅಂತ ಫೋನೋ ಎನ್ನುವ ಬೇರೆ ತೂತು. ಅದನ್ನು ರೇಡಿಯೋ ತೂತಿಗೆ ಚುಚ್ಚಿದರೆ ಪಾಪ ಸೊಳ್ಳೆ ಹಾಡಿದ ಹಾಗೆ ಕೇಳುತ್ತದೆ, ರೇಡಿಯೋವನ್ನು ತಂದು ಅದರ ತೂತಿಗೆ ಚುಚ್ಚಿದರೆ ಸ್ಪೀಕರ್ ಗಂಟಲು ಹರಿದುಕೊಳ್ಳುತ್ತದೆ. ಕೆಂಪು ಬಲ, ಬಿಳಿ ಎಡ. ಮರೀಬಾರದು. ಸುಮಾ ಆಗ ಅತ್ತೆಯ ಎದುರು ಮಾತಾಡಿದರೆ ಮಾತು ಅವಳ ತುಟಿ ದಾಟುತ್ತಿರಲಿಲ್ಲ. 'ನೀನು ಫೋನೋ ಕಣೇ. ನಿನಗೆ ಬೇರೆ ತೂತೇ ಬೇಕು,' ಎಂದು ಅವನು ತನ್ನ ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದಿದ್ದ. ಯಾವ ಕಿವಿ? ಅವಳು ಎಷ್ಟು ನೆನೆಸಿಕೊಂಡರೂ ಅದು ಬಲಗಿವಿಯೇ ಆಗಿತ್ತು.

ಈಗ ಕೆಲವು ತಿಂಗಳಿಂದ ಆ ಕಿವಿ ಮುಚ್ಚಿಕೊಂಡಿದೆ. ಅವನು ಹೇಳಿಲ್ಲ, ಅವಳು ಕೇಳಿಲ್ಲ. ಮೊದಲು ಅವಳು ಗಮನಿಸಿದ್ದು ಫೋನನ್ನು. ಆಯುಷ್ಯವಿಡೀ ಬಲಗಿವಿಗೆ ಹಿಡಿದವನು ಎಡಗಿವಿಗೆ ಹಿಡಿದ. ಆಮೇಲೆ ಊಟದ ಮೇಜಿನಲ್ಲಿ ಕುರ್ಚಿ ಬದಲಾಯಿಸಿದ, ಫ್ಯಾನ್ ಗಾಳಿ ಜಾಸ್ತಿ ಅಂತ. ಅವಳೂ ಏನೂ ಹೇಳದೆ ಜಾಗ ಬದಲಾಯಿಸಿದಳು. ವಾಕಿಂಗಿನಲ್ಲಿ, ಮದುವೆಮನೆಗಳಲ್ಲಿ, ಆಟೋದಲ್ಲಿ, ಎಲ್ಲ ಕಡೆ ಅವನ ಎಡಕ್ಕೇ ಕೂತು ನಿಂತು ಮಾಡುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ತಣಿಸಂದ್ರದಿಂದ ಬಂದಾಗ ಮಗಳು ಧನುಶ್ರೀ, 'ಅಪ್ಪನಿಗೆ ಎರಡೆರಡು ಸಲ ಹೇಳ್ಬೇಕು ಕಣಮ್ಮಾ,' ಎಂದಾಗ, 'ನಿನ್ನ ಮಾತೇ ವೇಗ,' ಎಂದು ತಪ್ಪನ್ನು ಮಗಳ ಮೇಲೆ ಹಾಕಿದ್ದಳು. ಆದರೆ ಹೋದ ವಾರ ಕೊಡಿಗೇಹಳ್ಳಿ ಹತ್ತಿರ ಸೊಪ್ಪು ಕೊಳ್ಳಲು ಹೋದಾಗ ಬಲಗಡೆಯಿಂದ ಒಂದು ಸ್ಕೂಟರ್ ಹಾರ್ನ್ ಬಡಿಯುತ್ತ ಬಂತು. ಎಲ್ಲರೂ ಸರಿದರು, ವೇಣು ಸರಿಯಲಿಲ್ಲ. ಅವಳು ಅಂಗಿ ಹಿಡಿದು ಎಳೆಯದಿದ್ದರೆ ಏನಾಗುತ್ತಿತ್ತೋ. ಸ್ಕೂಟರಿನ ಹುಡುಗಿ ಕಾಲೂರಿ ನಿಂತು, 'ಕಿವಿ ಕೇಳ್ಸಲ್ವಾ ಅಂಕಲ್?' ಎಂದಳು. ವೇಣುವಿನ ಮುಖ ಆಗ ಎಷ್ಟು ಸಣ್ಣದಾಯಿತೆಂದರೆ, ಸುಮಾ ಮುಂದೆ ಬಂದು, 'ನೀನು ಹಾರ್ನ್ ಹೊಡೆದ್ರೆ ತಾನೇ ಕೇಳ್ಸೋದು!' ಎಂದು ಆ ನಿರಪರಾಧಿ ಹುಡುಗಿಯ ಮೇಲೆ ಎಗರಿದಳು. ಸೊಪ್ಪಿನವಳು ಇಬ್ಬರನ್ನೂ ವಿಚಿತ್ರವಾಗಿ ನೋಡಿದಳು. ಮರುದಿನವೇ ಸುಮಾ ಹೆಬ್ಬಾಳದ ಕಿವಿ ಡಾಕ್ಟರ ಹತ್ತಿರ ಗುರುವಾರಕ್ಕೆ ಹೇಳಿಟ್ಟಳು. ಇವತ್ತು ಭಾನುವಾರ. ಹೇಳಬೇಕಾದವನಿಗೆ ಇನ್ನೂ ಹೇಳಿರಲಿಲ್ಲ.

ಹೇಳುವುದು ಹೇಗೆ? ಬೇರೆಯವರಿಗೆ ಕಿವಿ ಅಂದರೆ ಕಿವಿ. ವೇಣುವಿಗೆ ಅದು ಅನ್ನ, ಮಾನ ಎರಡೂ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದಾಗ ಲೈನಿನ ಕರಕರ ಕೇಳಿಯೇ ದೋಷ ಎಲ್ಲಿದೆ ಎಂದು ಹೇಳುತ್ತಿದ್ದನಂತೆ; 'ವೇಣು ಕೇಳಿದ್ನಾ?' ಎಂದು ವಿಚಾರಿಸದೆ ಯಾರೂ ರಸ್ತೆ ಅಗೆಯುತ್ತಿರಲಿಲ್ಲವಂತೆ. ರಿಟೈರಾದ ಮೇಲೆ ಹಳೇ ರೆಕಾರ್ಡಿನ ಹುಚ್ಚಿನವರೆಲ್ಲ ತಮ್ಮ ತಮ್ಮ ಯಂತ್ರ ಹೊತ್ತು ಬ್ಯಾಟರಾಯನಪುರದ ಈ ಮಹಡಿ ಹತ್ತಿ ಬರುತ್ತಾರೆ, ಇವನು ಕಣ್ಣು ಮುಚ್ಚಿ ಕೇಳಿ ತೀರ್ಪು ಕೊಡಲಿ ಎಂದು. ಕಣ್ಣು ಮುಚ್ಚಿ ಕೂತಾಗಿನ ಆ ಜಂಬ ನೋಡಿದರೆ ಸುಮಾಳಿಗೆ ನಗು ಬರುತ್ತಿತ್ತು, ಇಷ್ಟವೂ ಆಗುತ್ತಿತ್ತು. ಅಂಥವನು ಈಗ ದಿನಾ ಒಂದೇ ಹಾಡು: ಬಲಗಡೆ ಬರ್ತಿಲ್ಲ. ಕಾರ್ಟ್ರಿಜ್ ಹೋಗಿದೆ. ಒಂದು ಬದಲಾಯಿಸಿದ, ಇನ್ನೊಂದು ಬದಲಾಯಿಸಿದ. ತಂದುಕೊಟ್ಟವನು ತಾಜುದ್ದೀನ್, ಎಕ್ಸ್‌ಚೇಂಜಿನ ಗೆಳೆಯ, ಆರ್.ಟಿ. ನಗರದವನು. ಅವನಿಗೇ ಫೋನಿನಲ್ಲಿ, 'ಎಂಥಾ ಡಬ್ಬಾ ತಂದಿದ್ದೀಯೋ,' ಎಂದು ಬೈದಿದ್ದ. ಸುಮಾಳನ್ನು ಹೆದರಿಸಿದ್ದು ಬೈಗುಳವಲ್ಲ. 'ಸಿಡಿ ಹಾಕಿ ನೋಡ್ರಿ, ಅದರಲ್ಲೂ ಬಲಗಡೆ ಬರದಿದ್ರೆ ಕಾರ್ಟ್ರಿಜ್ಜಿಂದು ತಪ್ಪಲ್ಲ ಅಂತಾಯ್ತಲ್ಲ,' ಎಂದು ಅವಳೇ ಒಮ್ಮೆ ಅಂದಿದ್ದಳು, ಅವನೇ ಕಲಿಸಿದ ವಿದ್ಯೆ. ಅವನು ಪೇಪರ್ ತೆಗೆದು ಓದತೊಡಗಿದ. ಆವತ್ತಿನಿಂದ ಸಿಡಿ ಪ್ಲೇಯರಿನ ಮೇಲೆ ಧೂಳು ಕೂರುತ್ತಿದೆ. ಅದನ್ನು ಒರೆಸುವಾಗೆಲ್ಲ, ಅವನಿಗೂ ಗೊತ್ತು, ಗೊತ್ತಿದ್ದೇ ಹಾಕುತ್ತಿಲ್ಲ ಎಂದು ಅವಳಿಗೆ ಅನಿಸುತ್ತದೆ.

ಇವತ್ತು ತಾಜು ಮತ್ತೊಂದು ಕಾರ್ಟ್ರಿಜ್ ತರುತ್ತಾನೆ. ಅದೂ ಸರಿಯಿಲ್ಲ ಎಂದಾಗುತ್ತದೆ. ಆಮೇಲೆ? ಬೆಳಿಗ್ಗೆ ಹಾಲು ಕಾಯಿಸುವಾಗ ಅವಳಿಗೆ ಉಪಾಯ ಹೊಳೆದಿತ್ತು. ನಿಜವಾಗಿಯೇ ಒಂದು ದೋಷ ಸಿಕ್ಕಿದರೆ? ಬಲಗಡೆಯ ವೈರು ಕಿತ್ತುಹೋಗಿದೆ ಎಂದು ತಾಜು ಕಂಡುಹಿಡಿದರೆ? ಅಯ್ಯೋ ಇಷ್ಟೇನಾ ಎಂದು ನಗುತ್ತಾರೆ, ಅವನ ಮಾತು ಸುಳ್ಳಾಗುವುದಿಲ್ಲ, ಒಂದು ಭಾನುವಾರ ಖುಷಿಯಾಗಿ ಕಳೆಯುತ್ತದೆ. ಬಾಯಲ್ಲಿ ಹೇಳಲಾರದ್ದಕ್ಕೆ ಇದೊಂದು ಅಡ್ಡದಾರಿ ಎಂದು ಅವಳು ತನ್ನನ್ನೇ ಮೆಚ್ಚಿಕೊಂಡಿದ್ದಳು.

ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಾಗ ಬುದ್ಧಿ ಬಂತು. ವೈರನ್ನು ತಾಜು ಮತ್ತೆ ಚುಚ್ಚುತ್ತಾನೆ. ದೋಷ ಸರಿಹೋಯಿತು. ಆಮೇಲೂ ವೇಣುವಿಗೆ ಬಲಗಡೆ ಕೇಳುವುದಿಲ್ಲ! ಇಷ್ಟು ದಿನ ಪಾಪ ದೂರುವುದಕ್ಕೆ ಒಂದು ಯಂತ್ರವಾದರೂ ಇತ್ತು. ಯಂತ್ರ ಸರಿಯಾಯಿತು ಎಂದು ತಾಜುವೇ ಹೇಳಿಬಿಟ್ಟರೆ ಅವನು ಇನ್ನು ಯಾರನ್ನು ದೂರಬೇಕು? ಅವನಿಗೆ ಉಳಿದಿದ್ದ ಒಂದೇ ಬಾಗಿಲನ್ನು ತಾನೇ ಹೋಗಿ ಹಾಕಿಬಂದ ಹಾಗಾಯಿತು. ಮುಂದಾಲೋಚನೆ ಇಲ್ಲದವಳು ಎಂದು ಅಮ್ಮ ಬೈಯುತ್ತಿದ್ದುದು ಸುಳ್ಳಲ್ಲ. ಅವಳು ಸ್ಟವ್ ಆರಿಸಿ ನಡುಮನೆಗೆ ಓಡಿದಳು. ವೇಣು ಆಗಲೇ ಸ್ನಾನ ಮುಗಿಸಿ, ವಿಭೂತಿ ಇಟ್ಟುಕೊಂಡು, ಯಂತ್ರದ ಎದುರಿನ ತನ್ನ ಕುರ್ಚಿಯಲ್ಲಿ ಕೂತಿದ್ದ. ಕೆಳಗೆ ಗೇಟಿನ ಹತ್ತಿರ ತಾಜುವಿನ ಸ್ಕೂಟರ್ ನಿಂತ ಸದ್ದಾಯಿತು. 'ತಾಜು ಬಂದ,' ಎಂದು ಅವಳಿಗಿಂತ ಮೊದಲು ಅವನೇ ಹೇಳಿದ.

ತಾಜುದ್ದೀನ್ ಕೈಯಲ್ಲೊಂದು ಟಿಫಿನ್ ಕ್ಯಾರಿಯರ್, ಹೆಂಡತಿ ಮಾಡಿಕೊಟ್ಟ ಶಾವಿಗೆ ಪಾಯಸದ್ದು. 'ತಗೊಳ್ಳಿ ಭಾಭಿ, ತಾಹೆರಾ ಶೀರ್ ಕುರ್ಮಾ ಕಳ್ಸಿದ್ದಾಳೆ. ಇವ್ನಿಗೆ ಜಾಸ್ತಿ ಕೊಡ್ಬೇಡಿ, ಬೈಯೋಕೆ ಶಕ್ತಿ ಬರುತ್ತೆ.'

'ಸರಿಯಾದ್ದು ತಂದ್ರೆ ಯಾಕೋ ಬೈತೀನಿ?' ಎಂದ ವೇಣು, ತಲೆಯನ್ನು ಒಂಚೂರು ತಿರುಗಿಸಿ ಎಡಗಿವಿ ಕೊಡುತ್ತ.

'ಇದು ನಂದೇ ಗುರು. ಮನೇಲಿ ದಿನಾ ಕೇಳೋದು. ಇದೂ ಡಬ್ಬಾ ಅಂದ್ರೆ ನಿನ್ನ ತಲೇನೇ ಡಬ್ಬಾ.'

ತಾಜು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕನ್ನಡಕವನ್ನು ಹಣೆಗೇರಿಸಿದ. ಹಳೆಯ ಕಾರ್ಟ್ರಿಜ್ಜಿನ ಬೆನ್ನಿಂದ ಕೂದಲಿನಂಥ ನಾಲ್ಕು ತಂತಿಗಳನ್ನು ಚಿಮಟಿಗೆಯಲ್ಲಿ ಒಂದೊಂದಾಗಿ ಬಿಡಿಸಿ, ಹೊಸದರ ಬೆನ್ನಿಗೆ ಸಿಕ್ಕಿಸತೊಡಗಿದ. ವೇಣು ಮೇಲಿಂದ ಬಾಗಿ, ತಾಯಿ ಮಗುವಿಗೆ ಉಗುರು ಕತ್ತರಿಸುವವರನ್ನು ನೋಡುವ ಹಾಗೆ ನೋಡುತ್ತಿದ್ದ. 'ಹುಷಾರು, ಹಸಿರು, ಹಸಿರು ಕೆಳಗೆ.' 'ಗೊತ್ತಪ್ಪಾ, ಗೊತ್ತು.' ಅಡುಗೆಮನೆಯ ಬಾಗಿಲಲ್ಲಿ ನಿಂತ ಸುಮಾ ಇವರಿಬ್ಬರ ಬೋಳುತಲೆಗಳು ಹತ್ತಿರ ಹತ್ತಿರ ಬಂದಿದ್ದನ್ನು ನೋಡಿದಳು. ಹೋಗಿ ಹೇಳಿಬಿಡಲೇ, ಹಿಂದೆ ಒಂದು ವೈರು ಕಿತ್ತಿದೆ, ಒರೆಸುವಾಗ ಕೈ ತಾಗಿತು ಅಂತ? ಬಾಯಿ ತೆರೆದಳು. ಅಷ್ಟರಲ್ಲಿ ವೇಣು ಸ್ವಿಚ್ ಹಾಕಿದ್ದ. ತಟ್ಟನೆ ಬೆರಳೆತ್ತಿದ.

'ಗುಂಯ್ ಅಂತಿದೆ ಕಣೋ. ಅರ್ಥ್ ವೈರ್ ಸರಿಯಾಗಿ ಬಿಗಿದಿಲ್ವಾ?'

ಸುಮಾಳಿಗೆ ಏನೂ ಕೇಳಿಸಲಿಲ್ಲ. ತಾಜು ಸ್ಪೀಕರಿಗೆ ಕಿವಿಯಿಟ್ಟು ಆಲಿಸಿ, 'ಹೌದು ಮಾರಾಯ. ಸಣ್ಣಗೆ,' ಎಂದು ಅದನ್ನು ಬಿಗಿದ. ಒಂದೇ ಕಿವಿಯಲ್ಲಿ ಇದನ್ನು ಹಿಡಿದನಲ್ಲ ಎಂದು ಅವಳಿಗೆ ಹೆಮ್ಮೆಯಾಯಿತು, ಆ ಹೆಮ್ಮೆಯ ಹಿಂದೆಯೇ ಅಳು ಬಂತು.

ವೇಣು ಹೊರತೆಗೆದದ್ದು ವೀಣೆಯ ರೆಕಾರ್ಡ್. ಪರೀಕ್ಷೆಗೆ ಯಾವಾಗಲೂ ಅದೇ. ಬರೀ ವೀಣೆ, ಎರಡೂ ಕಡೆ ಸಮಸಮವಾಗಿ ಬರುವಂಥದ್ದು. ಸೂಜಿ ಇಡಲು ಹೋದವನು ಕೈ ತಡೆದ. 'ರೈಲು ಬರುತ್ತೆ, ಹೋಗ್ಲಿ ಇರು.' ಕೊಡಿಗೇಹಳ್ಳಿ ಹಳಿಯ ಮೇಲೆ ರೈಲು ಹೋದರೆ ಈ ಮಹಡಿಯೂ ಅದುರಿ ಸೂಜಿ ಹಾರುತ್ತದೆ. ಮೂವರೂ ರೈಲಿಗಾಗಿ ಕಾದರು. ದೂರದ ಗಡಗಡ ಹತ್ತಿರವಾಗಿ, ಕಿಟಕಿಯ ಗಾಜನ್ನು ಮುಟ್ಟಿ ಹೋಯಿತು. ದೇವರೇ, ಇನ್ನೊಂದು ರೈಲು ಬರಲಿ, ಅದರ ಹಿಂದೆ ಮತ್ತೊಂದು ಬರಲಿ, ಯಶವಂತಪುರದಲ್ಲಿರುವ ಗಾಡಿಗಳೆಲ್ಲ ಸಾಲಾಗಿ ಈ ಕಡೆಗೇ ಹೊರಡಲಿ ಎಂದು ಸುಮಾ ಬೇಡಿಕೊಂಡಳು. ಬರಲಿಲ್ಲ. ಸೂಜಿ ಕೂತಿತು. ವೀಣೆ ಶುರುವಾಯಿತು.

ವೇಣು ಕುರ್ಚಿಯಲ್ಲಿ ನೆಟ್ಟಗೆ ಕೂತು ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿಗೆ ಅವನ ಮುಖ ಸೋತಿತು. ಕಣ್ಣು ತೆರೆಯದೆ ಎಡಗೈ ಎತ್ತಿ ಎಡಗಡೆಯ ಸ್ಪೀಕರನ್ನು ತೋರಿಸಿದ. 'ಇಲ್ಲಿ ಬರ್ತಿದೆ. ಆ ಕಡೆ ಇಲ್ಲ. ನೋಡ್ದಾ? ನಾನು ಹೇಳಿಲ್ವಾ, ಬಲಗಡೆ ಪೂರ್ತಿ ಸತ್ತಿದೆ.'

ಸುಮಾ ಬಾಗಿಲಿಂದ ಎರಡು ಹೆಜ್ಜೆ ಮುಂದೆ ಬಂದಳು. ವೀಣೆ ನುಡಿಯುತ್ತಿದ್ದುದು ಬಲಗಡೆಯ ಸ್ಪೀಕರಿನಲ್ಲಿ. ಅವನು ತೋರಿಸುತ್ತಿದ್ದ ಎಡಗಡೆಯದು ತುಟಿ ಬಿಚ್ಚಿರಲಿಲ್ಲ. ತಾನು ಕಿತ್ತದ್ದು ಬಲದ ವೈರಲ್ಲ, ಎಡದ್ದು! ಕತ್ತಲಲ್ಲಿ, ಕಣ್ಣು ಮುಚ್ಚಿ, ಹಿಂದುಮುಂದು ತಿಳಿಯದೆ ಬೇರೆಯದನ್ನೇ ಕಿತ್ತಿದ್ದಳು. ಲೋಕದ ಶಬ್ದವೆಲ್ಲ ಈಗ ಅವನಿಗೆ ಎಡಗಡೆಯಿಂದಲೇ ಬರುತ್ತಿದೆ, ಎಲ್ಲಿಂದ ಹೊರಟರೂ ಎಡಗಡೆಯಿಂದಲೇ. ಅದನ್ನು ಅವನ ಬಾಯಲ್ಲೇ, ಅವನ ಗೆಳೆಯನ ಎದುರಿಗೇ ಹೇಳಿಸಿದ ಹಾಗಾಯಿತು. ತಾಜು ಬಲಗಡೆಯ ಸ್ಪೀಕರನ್ನು ನೋಡಿದ. ಗಾಳಿಯಲ್ಲಿ ಇನ್ನೂ ಎಡಕ್ಕೆ ಚಾಚಿಕೊಂಡಿದ್ದ ವೇಣುವಿನ ಕೈಯನ್ನು ನೋಡಿದ. ಆಮೇಲೆ ನಿಧಾನವಾಗಿ ತಲೆ ಎತ್ತಿ ಸುಮಾಳನ್ನು ನೋಡಿದ. ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಷ್ಟರಲ್ಲೇ ತಾಜುವಿಗೆ ಎಲ್ಲ ತಿಳಿಯಿತು.

'ಇರು ಗುರು, ಹಿಂದೆ ನೋಡೋಣ,' ಎಂದು ತಾಜು ಎದ್ದು, ಪೆಟ್ಟಿಗೆಯನ್ನು ಮೆಲ್ಲಗೆ ಓರೆಗೆ ಎಳೆದು, ಮೊಬೈಲಿನ ಟಾರ್ಚ್ ಬಿಟ್ಟು ಇಣುಕಿದ. 'ಅಲ್ಲಾ, ಇಲ್ನೋಡು! ಬಲಗಡೇದು ಕಿತ್ಕೊಂಡ್ ಬಿದ್ದಿದೆಯಲ್ಲೋ. ಇಲಿ ಎಳೆದಿರ್ಬೇಕು.' ಅವನು ಬೆರಳ ತುದಿಯಲ್ಲಿ ಹಿಡಿದು ಬೆಳಕಿಗೆ ತಂದ ಪ್ಲಗ್ಗು ಬಿಳಿಯದು. ಹಿಡಿದದ್ದು ಬಿಳಿ, ಹೇಳಿದ್ದು ಬಲ. ಇಷ್ಟು ವರ್ಷದ ಸ್ನೇಹದಲ್ಲಿ ತಾಜು ಅವನಿಗೆ ಸುಳ್ಳು ಹೇಳಿದ್ದನ್ನು ಅವಳು ನೋಡಿರಲಿಲ್ಲ. ವೇಣು ಕಣ್ಣು ತೆರೆದು ಆ ಬೆರಳುಗಳ ಕಡೆ ನೋಡುತ್ತಿದ್ದ. ಪ್ಲಗ್ಗು ಒಳಗೆ ಹೋಯಿತು, ಎಡಗಡೆಯ ಸ್ಪೀಕರೂ ಬಾಯಿ ಬಿಟ್ಟಿತು, ವೀಣೆ ಕೋಣೆಯ ನಡುವೆ ಬಂದು ಕೂತಿತು.

'ಬಂತಾ?' ಎಂದ ತಾಜು.

ವೇಣು ತಾಜುವಿನ ಮುಖ ನೋಡಿದ. ಆಮೇಲೆ, 'ಬಂತು, ಬಂತು. ಬಲಗಡೆ ಬಂತು,' ಎಂದ. 'ನಿನ್ನ ಕಾರ್ಟ್ರಿಜ್ ಒಳ್ಳೇದಪ್ಪ. ಸುಮ್ನೆ ಬೈದೆ.' ಮೂವರೂ ನಕ್ಕರು. ಉಪ್ಪಿಟ್ಟು ತಿಂದರು, ಶೀರ್ ಕುರ್ಮಾ ಹಂಚಿಕೊಂಡರು, ಇಲಿಯನ್ನು ಬೈದರು. ಇಲ್ಲದ ಆ ಇಲಿಯ ಬಗ್ಗೆ ಎಷ್ಟೊಂದು ಮಾತಾಡಿದರೆಂದರೆ, ಬೋನು ಎಲ್ಲಿಡಬೇಕೆಂದು ವೇಣು ಜಾಗವನ್ನೂ ತೋರಿಸಿದ.

ಗೇಟಿನ ತನಕ ಸುಮಾ ಹೋದಳು. ತಾಜು ಸ್ಕೂಟರಿಗೆ ಕೀಲಿ ಹಾಕಿ, ತಿರುಗಿಸದೆ ನಿಂತ. 'ಎಷ್ಟ್ ದಿನದಿಂದ ಭಾಭಿ?'

'ಆಯ್ತು, ಕೆಲವು ತಿಂಗಳು. ಗುರುವಾರ ಡಾಕ್ಟ್ರ ಹತ್ರ ಹೇಳಿಟ್ಟಿದ್ದೀನಿ. ಇವ್ರಿಗೇ ಹೇಳಿಲ್ಲ.'

'ನಾನು ಹೇಳ್ಲಾ?'

'ಬೇಡಿ ತಾಜು ಭಾಯ್. ನಿಮ್ಮೆದುರಿಗೆ ಅವ್ರು ತಲೆ ತಗ್ಸೋದು ನನ್ನ ಕೈಲಿ ನೋಡಕ್ಕಾಗಲ್ಲ. ನಾನೇ ಹೇಳ್ತೀನಿ.'

ತಾಜು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿಕೊಂಡ. 'ಗುರುವಾರ ನಾನೂ ಬರ್ತೀನಿ. ಡಾಕ್ಟ್ರು ನನ್ನೂ ಒಂದ್ಸಲ ನೋಡ್ಲಿ. ಇಬ್ರೂ ತೋರ್ಸಿದ್ರೆ ಅವ್ನಿಗೆ ಬೇಜಾರಾಗಲ್ಲ.'

ಮೆಟ್ಟಿಲು ಹತ್ತುವಾಗ ಅವಳು ಮಾತು ಜೋಡಿಸಿಕೊಂಡಳು. ರೀ, ಒಂದ್ ವಿಷ್ಯ. ರೀ, ಕೋಪ ಮಾಡ್ಕೋಬೇಡಿ. ಅತ್ತೆಯ ಎದುರು ನಿಂತಿದ್ದ ಆ ಹುಡುಗಿಯ ದನಿ ಮತ್ತೆ ಗಂಟಲಲ್ಲಿ ಬಂದು ಕೂತಿತ್ತು. ಒಳಗೆ ವೇಣು ಪೆಟ್ಟಿಗೆಯನ್ನು ತಿರುಗಿಸಿ ಅದರ ಬೆನ್ನನ್ನು ಪೂರ್ತಿ ತನ್ನ ಕಡೆಗೆ ಮಾಡಿಕೊಂಡು ಕೂತಿದ್ದ. ಬಿಳಿಯ ಪ್ಲಗ್ಗನ್ನು ಮುಟ್ಟಿ ನೋಡುತ್ತಿದ್ದ.

'ಅಲ್ಲ ಕಣೇ,' ಎಂದ, ತಿರುಗದೆ. 'ಕೀಳೋದು ಕಿತ್ತೆ, ಕೆಂಪುದನ್ನ ಕೀಳ್ಬಾರ್ದಾಗಿತ್ತಾ?'

ಸುಮಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. 'ಕೆಂಪು ಅಂದ್ಕೊಂಡೇ ಕಿತ್ತೆ.'

'ಮದುವೆಯಾದಾಗಿಂದ ಹೇಳ್ಕೊಡ್ತಿದ್ದೀನಿ. ಕೆಂಪು ಬಲ...'

'ಕತ್ಲಿತ್ತು. ಕಣ್ಣು ಬೇರೆ ಮುಚ್ಕೊಂಡಿದ್ದೆ.'

'ಕಣ್ಣು ಯಾಕೆ ಮುಚ್ಕೊಂಡೆ?'

'ಭಯ ಆಯ್ತು.'

ಅವನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದು, ಕುರ್ಚಿಗೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ನೀರು ಬಂದ ಮೇಲೆ ನಗು ನಿಂತಿತು, ನೀರು ನಿಲ್ಲಲಿಲ್ಲ. ಅವಳು ಬಂದು ಪಕ್ಕದಲ್ಲಿ ನಿಂತಳು, ಅಭ್ಯಾಸಬಲದಿಂದ ಎಡಕ್ಕೆ. 'ಎಡಗಡೆ ಏನೂ ಬರ್ದೇ ಇದ್ದಾಗ ಎಡಗಡೆ ಬರ್ತಿದೆ ಅಂದೆನಲ್ಲೇ ನಾನು,' ಎಂದ. 'ತಾಜು ಬಿಳೀದನ್ನ ಹಿಡ್ಕೊಂಡು ಬಲಗಡೇದು ಅಂದ. ಪಾಪ, ಸುಳ್ಳು ಹೇಳೋಕೂ ಬರಲ್ಲ ಅವನಿಗೆ, ಬೆವರಿಬಿಟ್ಟ.' ಅವನ ತಲೆಯನ್ನು ಅವಳು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಹೆಬ್ಬಾಳ, ಗುರುವಾರ, ಡಾಕ್ಟರು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ತಾಜುವೂ ಬರುತ್ತಾನಂತೆ ಎಂದಾಗ ಅವನು, 'ಅವನ ಕಿವಿಗೇನಾಗಿದೆ ಧಾಡಿ?' ಎಂದ. ಆಮೇಲೆ, 'ಬರ್ಲಿ,' ಎಂದ.

ಪೆಟ್ಟಿಗೆಯನ್ನು ಸರಿಯಾಗಿಟ್ಟು ಅವನು ಇನ್ನೊಂದು ರೆಕಾರ್ಡ್ ಹುಡುಕಿ ತೆಗೆದ. ಪಿಟೀಲಿನ ಕಛೇರಿ. ಅದರಲ್ಲಿ ಪಿಟೀಲಿನವನು ಎಡಕ್ಕೆ, ಮೃದಂಗದವನು ಬಲಕ್ಕೆ ಕೂತಿರುತ್ತಾರೆಂದು ಅವಳಿಗೂ ಗೊತ್ತಿತ್ತು. ಮೃದಂಗದವನು ಒಬ್ಬನೇ ನುಡಿಸುವ ತನಿ ಶುರುವಾಗುವ ಜಾಗಕ್ಕೇ ಸೂಜಿ ಇಳಿಸಿದ. 'ಕೇಳೋದೇನೋ ಎಲ್ಲಾ ಕೇಳುತ್ತೆ ಸುಮಾ. ಆದ್ರೆ ಮೃದಂಗದವನು ಎದ್ದು ಬಂದು ಪಿಟೀಲಿನವನ ತೊಡೆ ಮೇಲೆ ಕೂತಿದ್ದಾನೆ.' ತಮಾಷೆ ಮಾಡಲು ಹೋದ ದನಿ ಕೊನೆಗೆ ಒಡೆಯಿತು. ಇಷ್ಟು ತಿಂಗಳು ಅವನು ಒಬ್ಬನೇ ಕೂತು ನೋಡುತ್ತಿದ್ದದ್ದು ಇದನ್ನು.

ಸುಮಾ ಒಂದು ಬೆತ್ತದ ಮೋಡಾ ಎಳೆದುಕೊಂಡು ಬಹಳ ದಿನದ ಮೇಲೆ ಅವನ ಬಲಕ್ಕೆ ಹೋಗಿ ಕೂತಳು. 'ಅವನನ್ನ ಅವನ ಜಾಗಕ್ಕೆ ಕಳಿಸ್ತೀನಿ ಇರಿ,' ಎಂದಳು. ಆ ಕಡೆಯಿಂದ ಹೇಳಿದ್ದು ಅವನಿಗೆ ಕೇಳಿತೋ ಇಲ್ಲವೋ. ಬಲಗಡೆಯ ಸ್ಪೀಕರಿನಲ್ಲಿ ಮೃದಂಗ ನುಡಿಯುತ್ತಿದ್ದ ಹಾಗೆಯೇ ಅವನ ಬಲ ಮಂಡಿಯ ಮೇಲೆ ಬೆರಳುಗಳಿಂದ ಬಾರಿಸತೊಡಗಿದಳು, ಗೊತ್ತಿದ್ದಷ್ಟು, ಮೆಲ್ಲಗೆ ಬಂದಾಗ ಮೆಲ್ಲಗೆ, ಜೋರಾದಾಗ ಪೂರ್ತಿ ಅಂಗೈಯಿಂದ. ವೇಣು ಕಣ್ಣು ಮುಚ್ಚಿದ. ಅವನ ಮುಖ ಎಷ್ಟೋ ತಿಂಗಳ ಮೇಲೆ ನಿಧಾನವಾಗಿ ಬಲಕ್ಕೆ ಹೊರಳಿತು.

ಸ್ವಲ್ಪ ಹೊತ್ತಿನ ಮೇಲೆ ಹಣೆ ಗಂಟಿಕ್ಕಿ, 'ತಾಳ ತಪ್ತಾ ಇದೆ,' ಎಂದ.

ಅವಳು ಬಾರಿಸುವುದನ್ನು ನಿಲ್ಲಿಸದೆ ಅವನ ಎಡಗಿವಿಯ ತನಕ ಬಾಗಿ, 'ರೆಕಾರ್ಡಲ್ಲೇ ಹಂಗಿದೆ ಕಣ್ರೀ,' ಎಂದಳು.

'ಇರ್ಬಹುದು,' ಎಂದ ವೇಣು.